ಬೆಂಬಲ ಪಟ್ಟಿ ಕಟ್ಟುವ ಕೆಲಸ: ಸಿಯಲ್ಲಿ ಬರೆದ ಭಾಷೆ ಯಾವ ಓಎಸ್‌ಗಳ ಮೇಲೆ ಓಡಬೇಕು?

ಓಪನ್ ಸೋರ್ಸ್ ಭಾಷೆಗಳ ರೀಡ್‌ಮಿ ಕಡತದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತದೆ: ಲಿನಕ್ಸ್, ಮ್ಯಾಕ್, ವಿಂಡೋಸ್ ಮತ್ತು ಇತರ ಯುನಿಕ್ಸ್‌ಗಳಲ್ಲಿ ಓಡುತ್ತದೆ. ಯಾವ ಲಿನಕ್ಸ್, ಎಷ್ಟು ಹಳೆಯ ಮ್ಯಾಕ್, ಓಡಿಸಿ ನೋಡಿದವರು ಯಾರು, ಕೊನೆಯ ಸಲ ನೋಡಿದ್ದು ಯಾವಾಗ? ಆ ಸಾಲಿನಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಆ ಒಂದು ಸಾಲನ್ನು ತೆಗೆದು, ಅದರ ಜಾಗದಲ್ಲಿ ನಂಬಿ ಬಳಸಬಹುದಾದ ಪಟ್ಟಿಯನ್ನು ಇಡುವ ಕೆಲಸದ ದಾಖಲೆ ಇದು.

ಮುಂದಿರುವ ಕೋಡ್‌ನ ಸ್ವರೂಪ ಹೀಗಿದೆ: ಸಿ11ರಲ್ಲಿ ಬರೆದ ಬೈಟ್‌ಕೋಡ್ ಇಂಟರ್‌ಪ್ರಿಟರ್, ಸಣ್ಣದೊಂದು ಜೆಐಟಿ (ಓಡುವಾಗಲೇ ಯಂತ್ರಭಾಷೆಯ ಕೋಡ್ ಹುಟ್ಟಿಸುವ ಭಾಗ), ಹೊರಗಿನ ಸಿ ಲೈಬ್ರರಿಗಳನ್ನು ಕರೆಯಲು ಎಫ್‌ಎಫ್‌ಐ, ಥ್ರೆಡ್‌ಗಳು, ಕಡತ ಮತ್ತು ನೆಟ್‌ವರ್ಕ್ ಕೆಲಸಕ್ಕೆ ಒಂದು ಸ್ಟ್ಯಾಂಡರ್ಡ್ ಲೈಬ್ರರಿ. ಬಹುಪಾಲು ಸಣ್ಣ ಭಾಷೆಗಳು ಇದೇ ಮೈಕಟ್ಟಿನವು. ಹಾಗಾಗಿ ಕೆಳಗಿನ ಹೆಜ್ಜೆಗಳನ್ನು ಹೆಚ್ಚು ಬದಲಾವಣೆ ಇಲ್ಲದೆ ಬಳಸಿಕೊಳ್ಳಬಹುದು.

ಪಟ್ಟಿಗೆ ಸೇರಲು ಷರತ್ತು

ಕೋಡಿಗೆ ಕೈ ಹಾಕುವ ಮುಂಚೆ ದೊಡ್ಡ ಭಾಷೆಗಳು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿಕೊಂಡಿವೆ ಎಂದು ನೋಡಬೇಕು. ರಸ್ಟ್ ಮೂರು ದರ್ಜೆ ಮಾಡಿದೆ. ಮೊದಲ ದರ್ಜೆಗೆ ಕೆಲಸ ಮಾಡುತ್ತದೆ ಎಂಬ ಖಾತರಿ, ಎರಡನೆಯದಕ್ಕೆ ಬಿಲ್ಡ್ ಆಗುತ್ತದೆ ಎಂಬ ಖಾತರಿ. ಮೂರನೆಯದಕ್ಕೆ ಮೂಲದಲ್ಲಿ ಕೋಡ್ ಇದೆ ಅಷ್ಟೇ, ಖಾತರಿ ಇಲ್ಲ. ಪೈಥಾನ್‌ನ ಬೆಂಬಲ ನಿಯಮಗಳ ದಾಖಲೆಯಾದ ಪೆಪ್ 11 ಕೂಡ ಮೂರು ದರ್ಜೆ ಹೇಳುತ್ತದೆ, ಆದರೆ ಮನುಷ್ಯರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: ಎರಡನೇ ದರ್ಜೆಯ ಪ್ರತಿ ವೇದಿಕೆಗೆ ಕನಿಷ್ಠ ಇಬ್ಬರು ಕೋರ್ ಡೆವಲಪರ್‌ಗಳು ಹೊಣೆ ಹೊರಬೇಕು, ಮೂರನೆಯದಕ್ಕೆ ಒಬ್ಬರಾದರೂ ಬೇಕು. ಗೋ ಭಾಷೆ ಪ್ರತಿ ಪೋರ್ಟಿಗೂ (ಒಂದು ಓಎಸ್ ಮತ್ತು ಸಿಪಿಯು ಜೋಡಿಗೆ ಹೊಂದಿಸಿದ ರೂಪ) ಕನಿಷ್ಠ ಇಬ್ಬರು ನಿರ್ವಾಹಕರನ್ನು ಮತ್ತು ಸದಾ ಓಡುವ ಒಂದು ಬಿಲ್ಡ್ ಯಂತ್ರವನ್ನು ಕೇಳುತ್ತದೆ. ಅದರ ಮೊದಲ ದರ್ಜೆಯ ಪೋರ್ಟ್ ಮುರಿದರೆ ರಿಲೀಸ್ ನಿಲ್ಲುತ್ತದೆ, ಉಳಿದವು ಮುರಿದರೆ ನಿಲ್ಲುವುದಿಲ್ಲ.

ಮೂರರಲ್ಲೂ ಸಾಮಾನ್ಯವಾದ ಅಂಶ ಒಂದಿದೆ. ಎಷ್ಟು ಜನ ಬಳಸುತ್ತಾರೆ ಎಂಬುದರಿಂದ ದರ್ಜೆ ತೀರ್ಮಾನವಾಗುವುದಿಲ್ಲ. ಮುರಿದಾಗ ಯಾವ ಯಂತ್ರ ಅದನ್ನು ಹಿಡಿಯುತ್ತದೆ, ಹಿಡಿದ ಮೇಲೆ ಯಾರು ಸರಿಮಾಡುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಇದೇ ಸರಿ ಎಂದು ನನ್ನ ಬಲವಾದ ಅಭಿಪ್ರಾಯ. ಬಳಕೆದಾರರ ಸಂಖ್ಯೆ ಒಂದು ವೇದಿಕೆಗಾಗಿ ದುಡಿಯಲು ಕಾರಣ ಕೊಡಬಹುದು, ದುಡಿಯುವ ಕೈಗಳನ್ನು ಕೊಡುವುದಿಲ್ಲ. ಆದ್ದರಿಂದ ನಮ್ಮ ಪಟ್ಟಿಯ ಪ್ರತಿ ಸಾಲಿನಲ್ಲೂ ನಾಲ್ಕು ಕಾಲಂ ಇಟ್ಟೆವು: ಓಎಸ್ ಮತ್ತು ಸಿಪಿಯು, ಅತಿ ಹಳೆಯ ಆವೃತ್ತಿ, ಟೆಸ್ಟ್ ಓಡುವ ಯಂತ್ರ, ಹೊಣೆ ಹೊತ್ತವರ ಹೆಸರು. ಕೊನೆಯ ಎರಡರಲ್ಲಿ ಒಂದು ಖಾಲಿಯಿದ್ದರೂ ಆ ಸಾಲು ಮೂರನೇ ದರ್ಜೆಗೆ ಇಳಿಯುತ್ತದೆ, ಎಷ್ಟೇ ಜನಪ್ರಿಯ ಓಎಸ್ ಆಗಿರಲಿ.

ಕೋಡ್ ಓಎಸ್‌ನಿಂದ ಏನೇನು ಕೇಳುತ್ತಿದೆ

ಮುಂದಿನ ಹೆಜ್ಜೆ, ಬಿಲ್ಡ್ ಆದ ಬೈನರಿಯ ಮೇಲೆ ಎನ್‌ಎಂ (ಬೈನರಿಯೊಳಗಿನ ಹೆಸರುಗಳನ್ನು ಪಟ್ಟಿ ಮಾಡುವ ಉಪಕರಣ) ಓಡಿಸಿ ಹೊರಗಿನಿಂದ ಬೇಕಾದ ಹೆಸರುಗಳನ್ನೆಲ್ಲ ಒಂದು ಕಡತಕ್ಕೆ ಸುರಿಯುವುದು. ಮೂಲ ಕೋಡಿನಲ್ಲಿ ಓಎಸ್ ಹೆಸರಿನ ಇಫ್‌ಡೆಫ್‌ಗಳನ್ನು (ಓಎಸ್ ನೋಡಿ ಕೋಡ್ ಆರಿಸುವ ಸಾಲುಗಳು) ಗ್ರೆಪ್ ಮಾಡಿ ಹುಡುಕಿ ಅದರ ಪಕ್ಕಕ್ಕಿಡಬೇಕು. ಎರಡನ್ನೂ ಜೋಡಿಸಿ ನೋಡಿದರೆ ನಿಜವಾದ ಅವಲಂಬನೆ ಕೆಲವೇ ಗುಂಪುಗಳಿಗೆ ಇಳಿಯುತ್ತದೆ: ಮೆಮೊರಿ ಮ್ಯಾಪಿಂಗ್, ಥ್ರೆಡ್, ಗಡಿಯಾರ, ಯಾದೃಚ್ಛಿಕ ಬೈಟ್‌ಗಳು, ಇವೆಂಟ್ ಲೂಪ್, ಕಡತದ ಹೆಸರುಗಳು, ಡೈನಮಿಕ್ ಲೋಡಿಂಗ್, ತನ್ನದೇ ಬೈನರಿ ಎಲ್ಲಿದೆ ಎಂದು ಹುಡುಕುವುದು. ಈ ಪ್ರತಿ ಗುಂಪಿಗೂ ಒಂದೊಂದು ಸಿ ಕಡತ ಮಾಡಿ, ಓಎಸ್ ಹೆಸರಿನ ಇಫ್‌ಡೆಫ್‌ಗಳನ್ನೆಲ್ಲ ಅಲ್ಲಿಗೆ ಸಾಗಿಸಬೇಕು. ಇಂಟರ್‌ಪ್ರಿಟರ್‌ನ ಮುಖ್ಯ ಲೂಪಿನಲ್ಲಿ ಓಎಸ್ ಹೆಸರು ಒಂದೂ ಉಳಿಯಬಾರದು. ಮುಂದೆ ಒಂದು ಓಎಸ್‌ ಅನ್ನು ಕೈಬಿಡುವ ದಿನ ಬಂದಾಗ ಅಳಿಸಬೇಕಾದ ಜಾಗ ಎದುರಿಗೇ ಇರುತ್ತದೆ.

ಇಲ್ಲೇ ಇನ್ನೊಂದು ತೀರ್ಮಾನವೂ ಆಗಬೇಕು: ಓಎಸ್‌ ಅನ್ನು ಅದರ ಸಿ ಲೈಬ್ರರಿಯ ಮೂಲಕ ಕರೆಯುವುದೋ, ಓಎಸ್‌ನ ತಿರುಳಾದ ಕರ್ನಲ್‌ಗೆ ನೇರ ಸಿಸ್ಟಮ್ ಕಾಲ್ ಮಾಡುವುದೋ? ಲಿನಕ್ಸ್ ಕರ್ನಲ್ ತನ್ನ ಸಿಸ್ಟಮ್ ಕಾಲ್‌ಗಳನ್ನು ಸ್ಥಿರವಾಗಿ ಇಡುತ್ತದೆ. ಇತರರು ಅಂಥ ಮಾತು ಕೊಟ್ಟಿಲ್ಲ. ಗೋ ಭಾಷೆ ಮ್ಯಾಕ್‌ನಲ್ಲಿ ನೇರ ಕಾಲ್ ಮಾಡುತ್ತಿದ್ದ ಕಾಲದಲ್ಲಿ, 2016ರ ಮ್ಯಾಕ್ ಆವೃತ್ತಿಯಾದ ಸಿಯೆರಾ ಸಮಯ ಕೇಳುವ ಕಾಲ್‌ನ ನಡವಳಿಕೆಯನ್ನು ಬದಲಿಸಿತು. ಹಳೆಯ ಗೋ ಬೈನರಿಗಳು ಅಲ್ಲಿ ಕೆಟ್ಟವು, 1.6.3ರಲ್ಲಿ ತಿದ್ದುಪಡಿ ಬಂತು. ಕೊನೆಗೆ ಗೋ 1.12ರಿಂದ ಮ್ಯಾಕ್‌ನಲ್ಲೂ 1.16ರಿಂದ ಓಪನ್‌ಬಿಎಸ್‌ಡಿ ಎಂಬ ಯುನಿಕ್ಸ್‌ನಲ್ಲೂ ಸಿಸ್ಟಮ್ ಲೈಬ್ರರಿಯ ದಾರಿ ಹಿಡಿಯಿತು. ಲಿನಕ್ಸ್ ಬಿಟ್ಟು ಬೇರೆ ಎಲ್ಲಿಯೂ ನೇರ ಕಾಲ್ ಬೇಡ ಎಂದು ನಿಯಮ ಬರೆದುಕೊಂಡೆವು.

ಲಿನಕ್ಸ್: ಕೆಳಮಿತಿ ತಾನಾಗಿ ಮೇಲೇರುವ ಜಾಗ

ಲಿನಕ್ಸ್‌ನಲ್ಲಿ ಓಡುತ್ತದೆ ಎನ್ನುವುದಕ್ಕೆ ಬೈನರಿಯ ಮಟ್ಟಿಗೆ ಅರ್ಥವೇ ಇಲ್ಲ. ಅಲ್ಲಿ ಕೇಳಬೇಕಾದ್ದು ಬಹುಪಾಲು ಲಿನಕ್ಸ್‌ಗಳ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಯಾವ ಆವೃತ್ತಿ ಎಂದು. ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35 ಇದೆ. ಅಲ್ಲಿ ಬಿಲ್ಡ್ ಮಾಡಿದ ಬೈನರಿಯ ಡೈನಮಿಕ್ ಸಿಂಬಲ್‌ಗಳನ್ನು (ಹೊರಗಿನ ಲೈಬ್ರರಿಯಿಂದ ಬೇಕಾದ ಹೆಸರುಗಳು) ಆಬ್ಜ್‌ಡಂಪ್‌ನಲ್ಲಿ (ದೊಡ್ಡಕ್ಷರ ಟಿ ಆಯ್ಕೆ) ತೆಗೆದು ಜಿಲಿಬ್‌ಸಿ ಎಂದು ಗ್ರೆಪ್ ಮಾಡಿದರೆ ಥ್ರೆಡ್ ಹುಟ್ಟಿಸುವ ಪಿಥ್ರೆಡ್ ಕ್ರಿಯೇಟ್‌ನ ಪಕ್ಕದಲ್ಲಿ 2.34 ಎಂದು ಕಾಣುತ್ತದೆ. ಕಾರಣ, 2.34ರಲ್ಲಿ ಥ್ರೆಡ್ ಲೈಬ್ರರಿಯನ್ನು ಮುಖ್ಯ ಸಿ ಲೈಬ್ರರಿಯೊಳಕ್ಕೇ ಸೇರಿಸಿದರು. ಪ್ರೋಗ್ರಾಂ ಶುರುವಾಗುವ ಮೊದಲ ಸಿಂಬಲ್‌ಗೂ 2.34ರ ಗುರುತೇ ಬಿತ್ತು. ಹಾಗಾಗಿ ಥ್ರೆಡ್ ಬಳಸದ ಬೈನರಿ ಕೂಡ 2.31 ಇರುವ ಉಬುಂಟು 20.04 ಅಥವಾ ಡೆಬಿಯನ್ 11ರಲ್ಲಿ ಶುರುವಾಗುವ ಮೊದಲೇ ಆವೃತ್ತಿ ಸಿಗಲಿಲ್ಲ ಎಂಬ ದೋಷ ಕೊಟ್ಟು ನಿಲ್ಲುತ್ತದೆ.

ಉಬುಂಟು 24.04ಕ್ಕೆ ಹೋದರೆ ಇನ್ನೊಂದು ತೊಡಕು. ಅಲ್ಲಿ ಜಿಲಿಬ್‌ಸಿ 2.39. ಗ್ನೂ ಸೋರ್ಸ್ ಮ್ಯಾಕ್ರೋ ಹಾಕಿ ಕಂಪೈಲ್ ಮಾಡುವ ಕೋಡಿನಲ್ಲಿ ಎಸ್‌ಟಿಆರ್‌ಟೋಎಲ್ ಕರೆದರೆ, ಹೆಡರ್ ಅದನ್ನು ಸಿ23ರ ನಡವಳಿಕೆಯ ಹೊಸ ಸಿಂಬಲ್ಲಿಗೆ ತಿರುಗಿಸುತ್ತದೆ. ಆ ಸಿಂಬಲ್ ಹುಟ್ಟಿದ್ದು 2.38ರಲ್ಲಿ. ನಾವು ಬರೆದದ್ದು ಹಳೆಯ ಸಿ, ಕೇಳಿದ್ದು ಸಂಖ್ಯೆ ಓದುವ ಹಳೆಯ ಫಂಕ್ಷನ್, ಆದರೂ ಕೆಳಮಿತಿ 2.38 ಆಗಿ ಕೂರುತ್ತದೆ. ಸಿಐ (ಪ್ರತಿ ಬದಲಾವಣೆಗೂ ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ) ಸೇವೆಯಲ್ಲಿ ಉಬುಂಟು ಲೇಟೆಸ್ಟ್ ಎಂದು ಬರೆದಿಟ್ಟವರಿಗೆ ಇದು ಒಂದು ಸಾಲೂ ಬದಲಾಗದೆ ನಡೆದುಬಿಡುತ್ತದೆ. ಗಿಟ್‌ಹಬ್‌ನಲ್ಲಿ ಆ ಹೆಸರು 22.04ರಿಂದ 24.04ಕ್ಕೆ ಸರಿದಾಗ ಆದದ್ದು ಇದೇ.

ಮಾಡಿದ್ದು ಇಷ್ಟು. ರಿಲೀಸ್ ಬೈನರಿಯನ್ನು ಸಿಐ ಯಂತ್ರದ ಮೇಲೆ ನೇರವಾಗಿ ಕಟ್ಟುವುದನ್ನು ನಿಲ್ಲಿಸಿ, ಮೆನಿಲಿನಕ್ಸ್ 2.28 ಕಂಟೇನರಿನೊಳಗೆ ಕಟ್ಟುವುದು. ಅದು ಆಲ್ಮಾಲಿನಕ್ಸ್ 8ರ ಮೇಲೆ ನಿಂತಿದೆ, ಜಿಲಿಬ್‌ಸಿ 2.28. ಪೈಥಾನ್ ಪ್ಯಾಕೇಜ್‌ಗಳಿಗೆಂದು ಮಾಡಿದ್ದಾದರೂ ಯಾವುದೇ ಸಿ ಯೋಜನೆಗೆ ಸರಿಹೊಂದುತ್ತದೆ. ಇದಕ್ಕೂ ಹಿಂದಿನ ಮೆನಿಲಿನಕ್ಸ್ 2014 ಕಂಟೇನರ್ ಸೆಂಟ್‌ಓಎಸ್ 7ರದು, ಜಿಲಿಬ್‌ಸಿ 2.17. ಸೆಂಟ್‌ಓಎಸ್ 7ರ ಆಯುಷ್ಯ 2024ರ ಜೂನ್ 30ಕ್ಕೆ ಮುಗಿದಿದ್ದರಿಂದ ಅಷ್ಟು ಹಿಂದಕ್ಕೆ ಹೋಗಲಿಲ್ಲ. ಕಂಟೇನರ್ ಬೇಡವೆಂದರೆ ಜಿಗ್ ಭಾಷೆಯ ಜತೆ ಬರುವ ಸಿ ಕಂಪೈಲರ್‌ಗೆ ಗುರಿಯ ಹೆಸರಿನ ಕೊನೆಯಲ್ಲಿ 2.28 ಎಂದು ಸೇರಿಸಿಕೊಟ್ಟರೂ ಅದೇ ಫಲ ಸಿಗುತ್ತದೆ.

ಕಟ್ಟಿದ ಮೇಲೆ ಒಂದು ಕಾವಲು ಟೆಸ್ಟ್: ಬೈನರಿ ಕೇಳುವ ಜಿಲಿಬ್‌ಸಿ ಆವೃತ್ತಿಗಳಲ್ಲಿ ಅತಿ ದೊಡ್ಡದನ್ನು ತೆಗೆದು 2.28ಕ್ಕಿಂತ ಹೆಚ್ಚಿದ್ದರೆ ಬಿಲ್ಡ್ ವಿಫಲಗೊಳಿಸುವುದು. ಇಲ್ಲಿ ವಿಂಗಡಣೆಯನ್ನು ಆವೃತ್ತಿ ಕ್ರಮದಲ್ಲೇ ಮಾಡಬೇಕು. ಅಕ್ಷರ ಕ್ರಮದಲ್ಲಿ ಮಾಡಿದರೆ 2.4 ಎಂಬುದು 2.34ಕ್ಕಿಂತ ದೊಡ್ಡದಾಗಿ ಕಂಡು ಕಾವಲೇ ಕೆಡುತ್ತದೆ.

ಕರ್ನಲ್‌ನ ಕೆಳಮಿತಿ ಇದರ ಜತೆಗೇ ಬಂತು. ರೆಡ್‌ಹ್ಯಾಟ್ 8ರ ಕುಟುಂಬದಲ್ಲಿರುವುದು 4.18. ಗೆಟ್‌ರ‍್ಯಾಂಡಮ್ (ಕರ್ನಲ್ 3.17ರಲ್ಲಿ ಬಂತು) ಮತ್ತು ಸ್ಟ್ಯಾಟೆಕ್ಸ್ (4.11) ಧೈರ್ಯವಾಗಿ ಬಳಸಬಹುದು, ಐಓ ಯುರಿಂಗ್ (5.1) ಇದ್ದರೆ ಮಾತ್ರ ಬಳಸಬೇಕು. ಇದ್ದರೆ ಮಾತ್ರ ಎನ್ನುವ ಜಾಗದಲ್ಲಿ ಒಂದು ಹೊಂಡವಿದೆ. ಕರ್ನಲ್‌ಗೆ ಗೊತ್ತಿಲ್ಲದ ಕಾಲ್ ಮಾಡಿದರೆ ಎನೋಸಿಸ್ (ಅಂಥ ಕಾಲ್ ಇಲ್ಲ) ಎಂಬ ದೋಷ ಬರಬೇಕು. ಕಂಟೇನರ್ ಓಡಿಸುವ ಹಳೆಯ ಡಾಕರ್‌ನಲ್ಲಿ ಕಾಲ್‌ಗಳನ್ನು ಸೋಸುವ ಸೆಕ್‌ಕಾಂಪ್ ಜರಡಿ ಮಾತ್ರ ತನಗೆ ಗೊತ್ತಿಲ್ಲದ ಕಾಲ್‌ಗಳಿಗೆ ಇಪರ್ಮ್ (ಅನುಮತಿ ಇಲ್ಲ) ಕೊಡುತ್ತಿತ್ತು. ಎನೋಸಿಸ್ ಬಂದರಷ್ಟೇ ಹಳೆಯ ದಾರಿಗೆ ಹೊರಳುವ ಕೋಡ್ ಅಂಥ ಕಂಟೇನರಿನಲ್ಲಿ ಅನುಮತಿ ಇಲ್ಲ ಎಂದು ಹೇಳಿ ಸಾಯುತ್ತದೆ. ಎರಡೂ ದೋಷಕ್ಕೆ ಹಿಂದಿರುಗುವ ದಾರಿ ಬರೆದಿಡಬೇಕು.

ಆಲ್ಪೈನ್ ಎಂಬ ಲಿನಕ್ಸ್ ಬೇರೆಯದೇ ಸಾಲು. ಅದರ ಸಿ ಲೈಬ್ರರಿ ಮಸಲ್, ಜಿಲಿಬ್‌ಸಿ ಬೈನರಿ ಅಲ್ಲಿ ಓಡದು. ಮೂಲದಿಂದ ಕಟ್ಟಿದರೆ ಮೊದಲು ಬೀಳುವುದು ಆಳವಾದ ರಿಕರ್ಷನ್‌ನ ಟೆಸ್ಟ್. ಅದೂ ಮುಖ್ಯ ಥ್ರೆಡ್‌ನಲ್ಲಿ ಬೀಳುವುದಿಲ್ಲ, ಹೊಸ ಥ್ರೆಡ್‌ನಲ್ಲಿ ಬೀಳುತ್ತದೆ. ಜಿಲಿಬ್‌ಸಿ ಹೊಸ ಥ್ರೆಡ್ಡಿಗೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಕೊಡುತ್ತದೆ, ಮಸಲ್ ಕೊಡುವುದು 128 ಕೆಬಿ. ಮ್ಯಾಕ್‌ನಲ್ಲಿ 512 ಕೆಬಿ, ವಿಂಡೋಸ್‌ನಲ್ಲಿ 1 ಎಂಬಿ. ಓಎಸ್ ಕೊಟ್ಟಷ್ಟನ್ನು ನಂಬಿ ಕೂರುವ ಬದಲು ಥ್ರೆಡ್ ಹುಟ್ಟಿಸುವಾಗಲೇ 4 ಎಂಬಿ ಎಂದು ನಾವೇ ಕೇಳುವುದು, ಇಂಟರ್‌ಪ್ರಿಟರ್‌ನ ರಿಕರ್ಷನ್ ಮಿತಿಯನ್ನು ಆ ಗಾತ್ರಕ್ಕೆ ಹೊಂದಿಸುವುದು. ಈ ಒಂದು ತಿದ್ದುಪಡಿ ನಾಲ್ಕೂ ಓಎಸ್‌ಗಳಿಗೆ ಒಟ್ಟಿಗೇ ಅನ್ವಯಿಸುತ್ತದೆ.

ಮ್ಯಾಕ್

ಆಪಲ್ ಸಾಮಾನ್ಯವಾಗಿ ಈಚಿನ ಮೂರು ಆವೃತ್ತಿಗಳಿಗೆ ಭದ್ರತಾ ತಿದ್ದುಪಡಿ ಕೊಡುತ್ತದೆ. 2025ರ ಕೊನೆಯ ಲೆಕ್ಕದಲ್ಲಿ ಅವು 14, 15 ಮತ್ತು 26. ಡಿಪ್ಲಾಯ್‌ಮೆಂಟ್ ಟಾರ್ಗೆಟ್ (ಬೈನರಿ ಓಡಬೇಕಾದ ಅತಿ ಹಳೆಯ ಆವೃತ್ತಿ) ಅನ್ನು 14 ಎಂದು ಇಟ್ಟೆವು. ಇನ್ನೂ ಕೆಳಗೆ ಇಟ್ಟರೂ ಕಂಪೈಲರ್ ತಕರಾರು ಮಾಡದು, ಆದರೆ ಅಲ್ಲಿ ಟೆಸ್ಟ್ ಓಡಿಸಲು ಯಂತ್ರವಿಲ್ಲ, ಯಂತ್ರವಿಲ್ಲದ ಕಡೆ ಮಾತು ಕೊಡುವ ಹಾಗಿಲ್ಲ. ಹೊಸ ಎಸ್‌ಡಿಕೆಯಲ್ಲಿ ಕಟ್ಟುವಾಗ ಅನ್‌ಗಾರ್ಡೆಡ್ ಅವೈಲಬಿಲಿಟಿ ಎಚ್ಚರಿಕೆಯನ್ನು ದೋಷವನ್ನಾಗಿ ಮಾಡಿ. ಇಲ್ಲದಿದ್ದರೆ 15ರಲ್ಲಿ ಬಂದ ಫಂಕ್ಷನ್ನನ್ನು 14ರಲ್ಲಿ ಕರೆದು ಬೈನರಿ ಕುಸಿಯುತ್ತದೆ, ಅದು ಗೊತ್ತಾಗುವುದು ಬಳಕೆದಾರರಿಗೆ ಮಾತ್ರ.

ಆಪಲ್ ಚಿಪ್‌ನಲ್ಲಿ ಜೆಐಟಿಗೆ ಮೂರು ಬದಲಾವಣೆ ಬೇಕು. ಮೆಮೊರಿ ಪಡೆಯುವಾಗ ಮ್ಯಾಪ್ ಜಿಟ್ ಗುರುತು, ಬರೆಯುವ ಮುಂಚೆ ಆ ಥ್ರೆಡ್‌ನ ಬರೆಯುವ ರಕ್ಷಣೆಯನ್ನು ತೆಗೆಯುವ, ನಂತರ ಮರಳಿ ಹಾಕುವ ಕರೆ, ಕೊನೆಗೆ ಇನ್‌ಸ್ಟ್ರಕ್ಷನ್ ಕ್ಯಾಶ್ ತೊಳೆಯುವುದು. ಪುಟದ ಗಾತ್ರ 16 ಕೆಬಿ, 4096 ಎಂದು ಕೋಡಿನಲ್ಲೇ ಬರೆದಿದ್ದರೆ ಮೆಮೊರಿಯ ಅನುಮತಿ ಬದಲಿಸುವ ಎಂಪ್ರೊಟೆಕ್ಟ್ ಐನ್ವಾಲ್ (ತಪ್ಪು ಆರ್ಗ್ಯುಮೆಂಟ್) ದೋಷ ಕೊಡುತ್ತದೆ.

ಎಫ್‌ಎಫ್‌ಐನಲ್ಲಿ ಸಿಗುವ ದೋಷ ಇದಕ್ಕಿಂತ ಕಷ್ಟದ್ದು. ಪ್ರಿಂಟ್‌ಎಫ್, ಓಪನ್, ಐಓಕಂಟ್ರೋಲ್ ತರಹ ಬದಲಾಗುವ ಸಂಖ್ಯೆಯ ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಫಂಕ್ಷನ್‌ಗಳನ್ನು ಸಾಮಾನ್ಯ ಫಂಕ್ಷನ್ನಿನಂತೆ ಕರೆದರೆ ಲಿನಕ್ಸ್‌ನಲ್ಲಿ, ಇಂಟೆಲ್ ಮ್ಯಾಕ್‌ನಲ್ಲಿ ಹೇಗೋ ನಡೆದುಹೋಗುತ್ತದೆ. ಆಪಲ್‌ನ ಆರ್ಮ್64 ನಿಯಮದಲ್ಲಿ ಆ ಹೆಚ್ಚುವರಿ ಆರ್ಗ್ಯುಮೆಂಟ್‌ಗಳು ರಿಜಿಸ್ಟರಿನಲ್ಲಿ ಹೋಗುವುದಿಲ್ಲ, ಎಲ್ಲವೂ ಸ್ಟ್ಯಾಕ್ ಮೇಲೆ ಹೋಗುತ್ತವೆ. ಕರೆಯುವವರು ರಿಜಿಸ್ಟರಿನಲ್ಲಿಟ್ಟದ್ದನ್ನು ಕರೆಸಿಕೊಂಡವರು ಸ್ಟ್ಯಾಕ್‌ನಲ್ಲಿ ಹುಡುಕುತ್ತಾರೆ. ಹೊಸದಾಗಿ ಸೃಷ್ಟಿಸಿದ ಕಡತಕ್ಕೆ ಅರ್ಥವಿಲ್ಲದ ಪರ್ಮಿಷನ್ ಬಿದ್ದಿದ್ದರೆ ಮೊದಲ ಅನುಮಾನ ಇದರ ಮೇಲೆ ಬರಲಿ. ಲಿಬ್‌ಎಫ್‌ಎಫ್‌ಐನಲ್ಲಿ ಇದಕ್ಕೆಂದೇ ಬೇರೆ ಸಿದ್ಧತಾ ಫಂಕ್ಷನ್ ಇದೆ. ಭಾಷೆಯ ಎಫ್‌ಎಫ್‌ಐ ಘೋಷಣೆಯಲ್ಲೂ ಇಷ್ಟು ಆರ್ಗ್ಯುಮೆಂಟ್ ಸ್ಥಿರ, ಉಳಿದವು ಬದಲಾಗುವಂಥವು ಎಂದು ಹೇಳಲು ಜಾಗ ಮಾಡಬೇಕು.

ಆರ್ಮ್ ಮ್ಯಾಕ್‌ನಲ್ಲಿ ಪಾಸಾದರೆ ಆರ್ಮ್ ಲಿನಕ್ಸ್‌ನಲ್ಲೂ ಪಾಸಾಗುತ್ತದೆ ಎಂದುಕೊಳ್ಳಬೇಡಿ. ಆರ್ಮ್64 ಲಿನಕ್ಸ್‌ನಲ್ಲಿ ಚಾರ್ ಎಂಬ ಟೈಪ್‌ಗೆ ಋಣ ಬೆಲೆ ಇಲ್ಲ, ಆಪಲ್‌ನಲ್ಲಿ ಇದೆ. ಓದಿದ ಅಕ್ಷರವನ್ನು ಚಾರ್‌ನಲ್ಲಿಟ್ಟು ಕಡತದ ಅಂತ್ಯದ ಗುರುತಿಗೆ ಹೋಲಿಸುವ ಲೂಪ್ ಮ್ಯಾಕ್‌ನಲ್ಲಿ ನಿಲ್ಲುತ್ತದೆ, ಲಿನಕ್ಸ್‌ನಲ್ಲಿ ನಿಲ್ಲುವುದೇ ಇಲ್ಲ. ಇವು ಪಟ್ಟಿಯಲ್ಲಿ ಎರಡು ಪ್ರತ್ಯೇಕ ಸಾಲು, ಎರಡಕ್ಕೂ ಪ್ರತ್ಯೇಕ ಯಂತ್ರ.

ಇಂಟೆಲ್ ಮ್ಯಾಕ್‌ಗೆ ಎರಡನೇ ದರ್ಜೆ. ಇಂಟೆಲ್ ಯಂತ್ರಗಳಲ್ಲಿ ಓಡುವ ಕೊನೆಯ ಆವೃತ್ತಿ 26 ಎಂದು ಆಪಲ್ ಹೇಳಿಬಿಟ್ಟಿದೆ. ರಸ್ಟ್ ಕೂಡ 1.90ರಲ್ಲಿ ಇಂಟೆಲ್ ಮ್ಯಾಕ್‌ ಅನ್ನು ಮೊದಲ ದರ್ಜೆಯಿಂದ ಎರಡನೆಯದಕ್ಕೆ ಇಳಿಸಿತು.

ವಿಂಡೋಸ್, ಮತ್ತು ಕೋಲಾರ ಎಂಬ ಕಡತ

ಮೊದಲ ಅಡ್ಡಿ ಕಂಪೈಲರ್. ಇಂಟರ್‌ಪ್ರಿಟರ್‌ನ ವೇಗದ ಲೂಪ್ ಲೇಬಲ್‌ಗಳ ವಿಳಾಸಕ್ಕೆ ಜಿಗಿಯುವ ಗ್ನೂ ವಿಸ್ತರಣೆಯನ್ನು ಬಳಸುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್‌ಗೆ ಅದು ಗೊತ್ತಿಲ್ಲ. ಸಿ11 ಅಟಾಮಿಕ್‌ಗಳು ವಿಷುಯಲ್ ಸ್ಟುಡಿಯೋ 2022ರ 17.5ರಲ್ಲಿ ಬಂದವು, ಅದೂ ಪ್ರಾಯೋಗಿಕ ಎಂಬ ಆಯ್ಕೆ ಹಾಕಿದರೆ. ಕ್ಲ್ಯಾಂಗ್-ಸಿಎಲ್ ಎಂಬ ಕಂಪೈಲರ್ ಎರಡನ್ನೂ ನಿಭಾಯಿಸುತ್ತದೆ, ಮೈಕ್ರೋಸಾಫ್ಟ್ ಲೈಬ್ರರಿಗಳ ಜತೆ ಹೊಂದಿಕೊಳ್ಳುತ್ತದೆ. ಅಧಿಕೃತ ಬೈನರಿ ಅದರಲ್ಲೇ. ಆದರೂ ಸ್ವಿಚ್ ಹೇಳಿಕೆಯ ಸಾದಾ ಲೂಪ್ ಕೋಡಿನಲ್ಲಿ ಉಳಿಯಲಿ, ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಕಟ್ಟುವವರು ಇದ್ದೇ ಇರುತ್ತಾರೆ. 64 ಬಿಟ್ ವಿಂಡೋಸ್‌ನಲ್ಲೂ ಲಾಂಗ್ ಎಂದರೆ 32 ಬಿಟ್. ಭಾಷೆಯ ಪೂರ್ಣಾಂಕವನ್ನು ಲಾಂಗ್‌ನಲ್ಲಿ ಓದಿದರೆ 2147483647 ದಾಟಿದೊಡನೆ ತಪ್ಪುತ್ತದೆ.

ಕಡತದ ಹೆಸರುಗಳ ಪರೀಕ್ಷೆಗೆ ಬಳಸಲು ಕನ್ನಡಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ, ಕಾರಣ ಇಲ್ಲಿದೆ. ವಿಂಡೋಸ್‌ನ ಎಫ್‌ಓಪನ್ ಹೆಸರನ್ನು ಎಎನ್‌ಎಸ್‌ಐ ಕೋಡ್ ಪೇಜಿನಲ್ಲಿ (ಕೆಲವು ಭಾಷೆಗಳಿಗಷ್ಟೇ ಇರುವ ಹಳೆಯ ಅಕ್ಷರ ಪಟ್ಟಿ) ಓದುತ್ತದೆ. ರಷ್ಯನ್‌ಗೆ, ಜಪಾನಿಗೆ ಅಂಥ ಕೋಡ್ ಪೇಜ್ ಇದೆ. ಹಾಗಾಗಿ ಆ ದೇಶಗಳ ಯಂತ್ರಗಳಲ್ಲಿ ತಪ್ಪು ಕೋಡ್ ಕೂಡ ಅರ್ಧಂಬರ್ಧ ನಡೆಯುತ್ತದೆ. ಕನ್ನಡಕ್ಕೆ ಎಎನ್‌ಎಸ್‌ಐ ಕೋಡ್ ಪೇಜ್ ಇಲ್ಲವೇ ಇಲ್ಲ, ವಿಂಡೋಸ್‌ನಲ್ಲಿ ಅದು ಯುನಿಕೋಡ್ ಮಾತ್ರದ ಭಾಷೆ. ಕೋಲಾರ ಎಂಬ ಹೆಸರಿನ ಕಡತವನ್ನು ಆ ಕೋಡ್ ಪೇಜ್ ಬಳಸುವ ಹಳೆಯ ಎ-ಫಂಕ್ಷನ್‌ಗಳಲ್ಲಿ ಪಟ್ಟಿ ಮಾಡಿಸಿದರೆ ಐದು ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ, ಆ ಹೆಸರಿನಿಂದ ಕಡತ ತೆರೆಯಲು ಸಾಧ್ಯವೇ ಇಲ್ಲ. ಅರ್ಧ ಸರಿ ಎಂಬ ಸ್ಥಿತಿ ಇಲ್ಲದ ಕಾರಣ ಟೆಸ್ಟ್ ಎಂದೂ ಸುಳ್ಳು ಹೇಳುವುದಿಲ್ಲ. ಪರಿಹಾರ: ಒಳಗೆಲ್ಲ ಯುಟಿಎಫ್-8, ಓಎಸ್ ಗಡಿಯಲ್ಲಿ ಯುಟಿಎಫ್-16ಕ್ಕೆ ಬದಲಿಸಿ ಡಬ್ಲ್ಯು-ಫಂಕ್ಷನ್‌ಗಳನ್ನೇ ಕರೆಯುವುದು. ವಿಂಡೋಸ್ 10ರ 1903ರಿಂದ ಮ್ಯಾನಿಫೆಸ್ಟಿನಲ್ಲಿ ಕೋಡ್ ಪೇಜನ್ನೇ ಯುಟಿಎಫ್-8 ಎಂದು ಘೋಷಿಸಬಹುದು. ಆದರೆ ನಮ್ಮ ಭಾಷೆಯನ್ನು ಡಿಎಲ್‌ಎಲ್ ಆಗಿ ತಮ್ಮ ಪ್ರೋಗ್ರಾಮಿನೊಳಗೆ ಕೂರಿಸಿಕೊಳ್ಳುವವರ ಮ್ಯಾನಿಫೆಸ್ಟ್ ನಮ್ಮ ಕೈಯಲ್ಲಿಲ್ಲ. ಅದರ ಮೇಲೆ ಭಾರ ಹಾಕಲಿಲ್ಲ.

ಇದೇ ಕಡತವನ್ನು ಮ್ಯಾಕ್‌ಗೂ ಒಯ್ಯಿರಿ. ಕೋಲಾರ ಎಂಬುದು ಐದು ಕೋಡ್ ಪಾಯಿಂಟ್, ಯುಟಿಎಫ್-8ರಲ್ಲಿ 15 ಬೈಟ್. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರನ್ನು ಬಿಡಿಸಿ ಇಡುತ್ತದೆ: ಓಕಾರದ ಒಂದು ಚಿಹ್ನೆ ಒಡೆದು ಎಕಾರ, ಊಕಾರ ಮತ್ತು ದೀರ್ಘದ ಗುರುತು ಎಂಬ ಮೂರು ಕೋಡ್ ಪಾಯಿಂಟ್ ಆಗುತ್ತದೆ. ಡೈರೆಕ್ಟರಿ ಓದಿದಾಗ ಹಿಂದಿರುಗುವುದು ಏಳು ಕೋಡ್ ಪಾಯಿಂಟ್, 21 ಬೈಟ್. ಬರೆದ ಹೆಸರನ್ನು ಓದಿದ ಹೆಸರಿನ ಜತೆ ಬೈಟ್ ಲೆಕ್ಕದಲ್ಲಿ ಹೋಲಿಸುವ ಟೆಸ್ಟ್ ಅಲ್ಲಿ ಬೀಳುತ್ತದೆ. ಮ್ಯಾಕ್‌ನ ಈಗಿನ ಕಡತ ವ್ಯವಸ್ಥೆ ಎಪಿಎಫ್‌ಎಸ್ ಕೊಟ್ಟ ಹೆಸರನ್ನು ಹಾಗೇ ಇಡುತ್ತದೆ, ಆದರೆ ಹುಡುಕುವಾಗ ಎರಡು ರೂಪವನ್ನೂ ಒಂದೇ ಎಂದು ಪರಿಗಣಿಸುತ್ತದೆ. ಲಿನಕ್ಸ್‌ನ ಎಕ್ಸ್ಟ್4ನಲ್ಲಿ ಸಾಮಾನ್ಯವಾಗಿ ಇವೆರಡು ಬೇರೆಬೇರೆ ಕಡತ, ಒಂದೇ ಡೈರೆಕ್ಟರಿಯಲ್ಲಿ ಎರಡೂ ಇರಬಹುದು. ಭಾಷೆಯ ಕಡತ ಲೈಬ್ರರಿ ಇದನ್ನು ಸಮಮಾಡಲು ಹೋಗಬಾರದು. ಓಎಸ್ ಕೊಟ್ಟ ಬೈಟ್‌ಗಳನ್ನು ಹಾಗೇ ದಾಟಿಸಿ, ಯುನಿಕೋಡ್ ರೂಪ ಬದಲಿಸುವ ಫಂಕ್ಷನ್ ಅನ್ನು ಬೇರೆಯಾಗಿ ಕೊಟ್ಟರೆ ಸಾಕು. ಟೆಸ್ಟನ್ನು ಎರಡೂ ಕಡೆ ಒಂದೇ ರೂಪಕ್ಕೆ ತಂದು ಹೋಲಿಸುವಂತೆ ಬರೆಯಬೇಕು.

ಆವೃತ್ತಿಯ ಕೆಳಮಿತಿ ವಿಂಡೋಸ್ 10ರ 22ಎಚ್2. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಣ ಕೊಟ್ಟು ಪಡೆಯುವ ವಿಸ್ತರಣೆ ಇನ್ನೂ ಇದೆ. ವಿಂಡೋಸ್ 7 ಬೇಕು ಎಂಬ ಕೇಳಿಕೆ ನಿಲ್ಲುವುದಿಲ್ಲ, ಅದು ನ್ಯಾಯವಾದ ಕೇಳಿಕೆಯೇ. ಹಳೆಯ ಲ್ಯಾಬ್‌ಗಳಲ್ಲಿ ಕಲಿಯುವವರಿಗೆ ಬೇರೆ ಯಂತ್ರ ಸಿಗುವುದಿಲ್ಲ. ಆದರೆ ಪೈಥಾನ್ 3.9ರಲ್ಲಿ, ಗೋ 1.21ರಲ್ಲಿ, ರಸ್ಟ್ 1.78ರಲ್ಲಿ ಅದನ್ನು ಬಿಟ್ಟಿವೆ. ರಸ್ಟ್ ಮಾಡಿದ ಏರ್ಪಾಡು ಚೆನ್ನಾಗಿದೆ: ವಿಂಡೋಸ್ 7ಕ್ಕೆ ಬೇರೆ ಗುರಿಯ ಹೆಸರು ಕೊಟ್ಟು ಮೂರನೇ ದರ್ಜೆಯಲ್ಲಿ ಇಟ್ಟಿದ್ದಾರೆ, ಮುಖ್ಯ ಕೋಡಿಗೆ ಅದರ ಹೊರೆ ಇಲ್ಲ. ನಾವೂ ಹಾಗೇ ಮಾಡಿದೆವು.

ಬಿಎಸ್‌ಡಿಗಳು

ಫ್ರೀಬಿಎಸ್‌ಡಿ 14ರ ವರ್ಚುವಲ್ ಯಂತ್ರವನ್ನು ಲಿನಕ್ಸ್ ಸಿಐ ಒಳಗೆ ಕೆವಿಎಂ ಮೇಲೆ ಓಡಿಸಬಹುದು. ಎದುರಾಗುವ ತೊಂದರೆಗಳು ಸಣ್ಣವು. ಮೇಕ್ ಎಂದರೆ ಅಲ್ಲಿ ಬೇರೆ ಮೇಕ್, ಜಿಮೇಕ್ ಹಾಕಿಕೊಳ್ಳಬೇಕು. ಬ್ಯಾಶ್ ಇರುವುದು ಯುಎಸ್‌ಆರ್ ಲೋಕಲ್ ಬಿನ್‌ನಲ್ಲಿ, ಸ್ಕ್ರಿಪ್ಟ್‌ಗಳ ಮೊದಲ ಸಾಲು ಎನ್ವ್ ಮೂಲಕ ಹುಡುಕುವಂತಿರಲಿ. ಓಡುತ್ತಿರುವ ಪ್ರೋಗ್ರಾಂಗಳ ಮಾಹಿತಿ ಕೊಡುವ ಪ್ರಾಕ್ ಕಡತ ವ್ಯವಸ್ಥೆ ಸಾಮಾನ್ಯವಾಗಿ ಮೌಂಟ್ ಆಗಿರುವುದಿಲ್ಲ. ಹಾಗಾಗಿ ತನ್ನ ಬೈನರಿ ಎಲ್ಲಿದೆ ಎಂದು ಪ್ರಾಕ್ ಸೆಲ್ಫ್ ನೋಡುವ ಕೋಡ್ ಸೋಲುತ್ತದೆ, ಸಿಸ್‌ಕಂಟ್ರೋಲ್‌ ಅನ್ನು ಕೇಳಬೇಕು.

ಓಪನ್‌ಬಿಎಸ್‌ಡಿಯಲ್ಲಿ ಆ ದಾರಿಯೂ ಇಲ್ಲ, ಬೈನರಿಯ ಪೂರ್ಣ ದಾರಿ ಕೇಳಲು ಕರ್ನಲ್ ಅವಕಾಶವನ್ನೇ ಕೊಡುವುದಿಲ್ಲ. ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಬೈನರಿಯ ಪಕ್ಕದಲ್ಲಿ ಹುಡುಕುವ ಭಾಷೆಗೆ ಇದು ಮೊದಲ ಸಾಲಿನಲ್ಲೇ ಹೊಡೆತ. ಬಿಲ್ಡ್ ಸಮಯದಲ್ಲೇ ದಾರಿಯನ್ನು ಬರೆದಿಟ್ಟು, ಬದಲಿಸಲು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಟ್ಟೆವು. ಬರೆಯಲೂ ಓಡಿಸಲೂ ಒಟ್ಟಿಗೆ ಬರುವ ಮೆಮೊರಿಯನ್ನು 6.0ರಿಂದ ಅದು ಸಾಮಾನ್ಯವಾಗಿ ಕೊಡುವುದಿಲ್ಲ, ಹಾಗಾಗಿ ಅಲ್ಲಿ ಜೆಐಟಿ ಆಫ್. ಆರು ತಿಂಗಳಿಗೊಂದು ರಿಲೀಸ್, ಈಚಿನ ಎರಡಕ್ಕೆ ಮಾತ್ರ ಬೆಂಬಲ, ನಡುವೆ ಬೈನರಿ ಹೊಂದಾಣಿಕೆಯ ಮಾತಿಲ್ಲ. ಹಾಗಾಗಿ ನಾವು ಬೈನರಿ ಕೊಡುವುದೇ ಇಲ್ಲ, ಅವರ ಪೋರ್ಟ್ಸ್ ಮರದಲ್ಲಿ ಕಟ್ಟಿಕೊಳ್ಳಲು ಮೂಲ ಸರಿಯಿದ್ದರೆ ಸಾಕು.

ಎಮ್ಯುಲೇಟರನ್ನು ಎಷ್ಟು ನಂಬಬೇಕು

ಕೈಯಲ್ಲಿ ಇಲ್ಲದ ಸಿಪಿಯುಗಳಿಗೆ ಕ್ಯೂಎಂಯು ಎಮ್ಯುಲೇಟರಿನ ಯೂಸರ್ ಮೋಡ್ ಉಪಯುಕ್ತ. ಎಸ್390ಎಕ್ಸ್‌ (ಐಬಿಎಂ ಮೇನ್‌ಫ್ರೇಮ್) ಗುರಿ ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೆಲೆಯ ಬೈಟ್ ಮೊದಲು ಬರುತ್ತದೆ. ಡಿಸ್ಕಿನಲ್ಲಿ ಉಳಿಸುವ ಬೈಟ್‌ಕೋಡ್ ಕಡತದಲ್ಲಿ ಸಂಖ್ಯೆಗಳನ್ನು ಮೆಮೊರಿಯಲ್ಲಿದ್ದ ಹಾಗೇ ಬರೆದಿದ್ದರೆ ಅಲ್ಲಿ ತಕ್ಷಣ ಬಯಲಾಗುತ್ತದೆ. ಆದರೆ ಎಕ್ಸ್86 ಯಂತ್ರದ ಮೇಲೆ ಆರ್ಮ್64 ಅನ್ನು ಎಮ್ಯುಲೇಟ್ ಮಾಡಿ ಥ್ರೆಡ್ ಟೆಸ್ಟ್ ಪಾಸಾಯಿತು ಎಂದರೆ ಏನನ್ನೂ ಸಾಬೀತು ಮಾಡಿದ ಹಾಗಲ್ಲ. ಎಕ್ಸ್86 ಮೆಮೊರಿ ಬರವಣಿಗೆಗಳ ಕ್ರಮವನ್ನು ಬಿಗಿಯಾಗಿ ಕಾಯುತ್ತದೆ, ನಿಜವಾದ ಆರ್ಮ್ ಅಷ್ಟು ಕಾಯುವುದಿಲ್ಲ. ತಪ್ಪಿಹೋದ ಒಂದು ಬ್ಯಾರಿಯರ್ (ಆ ಕ್ರಮ ಕಾಯಿಸುವ ಸೂಚನೆ) ಎಮ್ಯುಲೇಟರಿನಲ್ಲಿ ಅಡಗಿರುತ್ತದೆ, ಬಳಕೆದಾರರ ಯಂತ್ರದಲ್ಲಿ ಹೊರಬರುತ್ತದೆ. ಆದ್ದರಿಂದ ಎಮ್ಯುಲೇಟರ್ ಒಂದೇ ಆಧಾರವಾಗಿರುವ ಸಾಲು ಮೂರನೇ ದರ್ಜೆಯಿಂದ ಮೇಲೆ ಹೋಗುವಂತಿಲ್ಲ.

ಕೊನೆಗೆ ನಿಂತ ಪಟ್ಟಿ

ಮೊದಲ ದರ್ಜೆ, ಮುರಿದರೆ ಮರ್ಜ್ ಇಲ್ಲ, ರಿಲೀಸ್ ಇಲ್ಲ:
- ಲಿನಕ್ಸ್ ಎಕ್ಸ್86-64 ಮತ್ತು ಆರ್ಮ್64, ಜಿಲಿಬ್‌ಸಿ 2.28, ಕರ್ನಲ್ 4.18
- ಮ್ಯಾಕ್‌ಓಎಸ್ 14, ಆಪಲ್ ಚಿಪ್
- ವಿಂಡೋಸ್ 10 22ಎಚ್2, ಎಕ್ಸ್86-64 (ಪ್ರತಿ ಬದಲಾವಣೆಗೆ ಸರ್ವರ್ 2022ರಲ್ಲಿ, ವಾರಕ್ಕೊಮ್ಮೆ 22ಎಚ್2 ವರ್ಚುವಲ್ ಯಂತ್ರದಲ್ಲಿ)

ಎರಡನೇ ದರ್ಜೆ, ಪ್ರತಿ ಬದಲಾವಣೆಗೂ ಬಿಲ್ಡ್, ಟೆಸ್ಟ್ ರಾತ್ರಿಗೊಮ್ಮೆ: ಆಲ್ಪೈನ್, ಇಂಟೆಲ್ ಮ್ಯಾಕ್, ಫ್ರೀಬಿಎಸ್‌ಡಿ 14.

ಮೂರನೇ ದರ್ಜೆ, ಪ್ಯಾಚ್ ಬಂದರೆ ಸೇರಿಸುತ್ತೇವೆ: ಓಪನ್‌ಬಿಎಸ್‌ಡಿ, ಎಸ್390ಎಕ್ಸ್ ಲಿನಕ್ಸ್, ವಿಂಡೋಸ್ 7, 32 ಬಿಟ್ ಲಿನಕ್ಸ್.

32 ಬಿಟ್ ಲಿನಕ್ಸ್ ಕೆಳಗಿಳಿದದ್ದಕ್ಕೆ ಕಾರಣ 2038ರ ಸಮಯದ ಸಮಸ್ಯೆ, ಅಂದರೆ 32 ಬಿಟ್ ಸಮಯದ ಎಣಿಕೆ ಆ ವರ್ಷ ತುಂಬಿಹೋಗುವುದು. ಜಿಲಿಬ್‌ಸಿ 2.34ರಿಂದ 64 ಬಿಟ್ ಸಮಯ ಕೇಳಿ ಪಡೆಯಬಹುದು, ಆದರೆ ಆ ರೀತಿ ಕಟ್ಟಿದ ಬೈನರಿ ಮತ್ತು ಹಳೆಯ ರೀತಿಯ ಲೈಬ್ರರಿ ಪರಸ್ಪರ ಹೊಂದುವುದಿಲ್ಲ. ನಮ್ಮ ಕೆಳಮಿತಿಯಾದ 2.28ರಲ್ಲಿ ಆ ಆಯ್ಕೆಯೇ ಇಲ್ಲ.

ಸಾಲು ತೆಗೆಯುವ ಕ್ರಮ

ಸೇರಿಸುವುದಕ್ಕಿಂತ ತೆಗೆಯುವುದಕ್ಕೆ ಸ್ಪಷ್ಟ ನಿಯಮ ಬೇಕು, ಇಲ್ಲದಿದ್ದರೆ ಪ್ರತಿ ಸಲವೂ ಜಗಳ. ಗೋ ಭಾಷೆಯ ರೂಢಿಯನ್ನು ಹಾಗೇ ತೆಗೆದುಕೊಂಡೆವು: ಬಿಡುವ ಆವೃತ್ತಿಗಿಂತ ಒಂದು ರಿಲೀಸ್ ಮೊದಲೇ ಟಿಪ್ಪಣಿಯಲ್ಲಿ ಇದೇ ಕೊನೆಯದು ಎಂದು ಬರೆಯುವುದು. ಗೋ 1.20ರ ಟಿಪ್ಪಣಿಯಲ್ಲಿ ವಿಂಡೋಸ್ 7 ಮತ್ತು 8ರ ಬಗ್ಗೆ ಹಾಗೆ ಬರೆದು 1.21ರಲ್ಲಿ ಬಿಟ್ಟರು. 32 ಬಿಟ್ ಆರ್ಮ್ ವಿಂಡೋಸನ್ನು 1.24ರಲ್ಲಿ ಮುರಿದಿದೆ ಎಂದು ಗುರುತು ಹಾಕಿ, 1.26ರಲ್ಲಿ ತೆಗೆಯುವುದಾಗಿ 1.25ರಲ್ಲಿ ಹೇಳಿದರು.

ನಮ್ಮಲ್ಲಿ ಹೀಗೆ. ರಾತ್ರಿಯ ಟೆಸ್ಟ್ ನಾಲ್ಕು ವಾರ ಸತತ ಕೆಂಪಾಗಿದ್ದು ಯಾರೂ ಕೈ ಹಾಕದಿದ್ದರೆ ಆ ಸಾಲಿಗೆ ಮುರಿದಿದೆ ಎಂಬ ಗುರುತು. ಅಲ್ಲಿಂದಾಚೆ ಕಾನ್ಫಿಗರ್ ಸ್ಕ್ರಿಪ್ಟ್ ಆ ವೇದಿಕೆಯಲ್ಲಿ ತಾನಾಗಿ ನಿಲ್ಲುತ್ತದೆ, ಒತ್ತಾಯದ ಆಯ್ಕೆ ಕೊಟ್ಟರೆ ಮಾತ್ರ ಮುಂದುವರಿಯುತ್ತದೆ. ಆ ಸಂದೇಶದಲ್ಲಿ ಹೊಣೆ ಹೊರುವವರು ಬೇಕಾಗಿದ್ದಾರೆ ಎಂದೂ, ಯಾವ ಯಂತ್ರ ಮತ್ತು ಯಾವ ಟೆಸ್ಟ್ ಬೇಕು ಎಂದೂ ಬರೆದಿರುತ್ತದೆ. ಮುಂದಿನ ರಿಲೀಸ್‌ವರೆಗೂ ಯಾರೂ ಬರದಿದ್ದರೆ ಕೋಡ್ ಹೋಗುತ್ತದೆ, ತೆಗೆದ ಕಮಿಟ್‌ನ ಗುರುತು ಪಟ್ಟಿಯ ಕೆಳಗೆ ಉಳಿಯುತ್ತದೆ. ಆ ಗುರುತು ಬೇಕೇ ಬೇಕು. ಪೈಥಾನ್‌ನಲ್ಲಿ ಬ್ರೌಸರಿನೊಳಗೆ ಓಡುವ ಗುರಿಯಾದ ಎಂಸ್ಕ್ರಿಪ್ಟನ್ 3.11ರಲ್ಲಿ ಮೂರನೇ ದರ್ಜೆಗೆ ಬಂದು, 3.13ರಲ್ಲಿ ಪಟ್ಟಿಯಿಂದ ಹೊರಹೋಗಿ, ಹೊಣೆ ಹೊರುವವರು ಸಿಕ್ಕಮೇಲೆ 3.14ರಲ್ಲಿ ಮರಳಿ ಬಂತು. ಮರಳಿ ಬರುವವರು ಶುರುಮಾಡಬೇಕಾದದ್ದು ಅಳಿಸಿದ ಕೋಡಿನಿಂದಲೇ.

ಪಟ್ಟಿಯ ಕಡತ ಈಗ ಮೂಲ ಕೋಡಿನ ಜತೆಗೇ ಇದೆ. ರೀಡ್‌ಮಿಯ ಕೋಷ್ಟಕ, ಸಿಐ ಸಂರಚನೆ ಮತ್ತು ಕಾನ್ಫಿಗರ್‌ನ ತಪಾಸಣೆ ಮೂರನ್ನೂ ಆ ಒಂದೇ ಕಡತದಿಂದ ಸ್ಕ್ರಿಪ್ಟ್ ಹುಟ್ಟಿಸುತ್ತದೆ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಸಿಐ ಮರ್ಜ್ ಮಾಡಲು ಬಿಡುವುದಿಲ್ಲ.